ಜೋಲಿಯೊಳಗೆ ಇಳಿದ ನೀರು

ನನ್ನ ಮೊಮ್ಮಗಳು ನೆಂದದ್ದು ಮಳೆಯಿಂದಲ್ಲ, ನಾನು ಬಾಯಿ ಬಿಡದೆ ಇದ್ದದ್ದರಿಂದ. ಮನೆಯಲ್ಲಿ ಈಗ ಆ ವಿಷಯ ಬಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ದಿನ ಮಳೆ ಜೋರಿತ್ತು ಎನ್ನುತ್ತಾರೆ, ತಾಡಪಾಲು ಚಿಕ್ಕದಿತ್ತು ಎನ್ನುತ್ತಾರೆ, ಹುಡುಗಿಗೆ ಅನುಭವ ಸಾಲದು ಎನ್ನುತ್ತಾರೆ. ಮಳೆ ಪ್ರತಿವರ್ಷ ಬರುವ ಮಳೆಯೇ. ತಾಡಪಾಲು ನನ್ನ ಮಗನ ಅಂಗಡಿಯದು, ಒಂದು ಎತ್ತಿನ ಗಾಡಿ ಮುಚ್ಚುವಷ್ಟು ದೊಡ್ಡದು. ನೀರು ಎಲ್ಲಿಂದ ಒಳಗೆ ಬರುತ್ತದೆ ಎಂದು ನನಗೆ ಮಧ್ಯಾಹ್ನವೇ ಗೊತ್ತಿತ್ತು. ಹೇಳಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳಲಿಲ್ಲ.

ನಾವಿರುವುದು ನ್ಯಾಮತಿ ತಾಲ್ಲೂಕಿನಲ್ಲಿ, ಸೂರಗೊಂಡನಕೊಪ್ಪದ ದಾರಿಯ ಮೇಲಿನ ಒಂದು ಹಳ್ಳಿ. ಮೆಕ್ಕೆಜೋಳ ಹಾಕುತ್ತೇವೆ. ಮಗ ಸೊಸೆ ಹೊನ್ನಾಳಿಯಲ್ಲಿ ಪೈಪು, ಹಗ್ಗ, ತಾಡಪಾಲಿನ ಅಂಗಡಿ ಇಟ್ಟಿದ್ದಾರೆ. ಮಗ ದಿನ ಬಿಟ್ಟು ದಿನ ಬೈಕಿನಲ್ಲಿ ಬಂದು ಹೊಲ ನೋಡಿ, ಅವರಪ್ಪನ ಹತ್ತಿರ ನಾಲ್ಕು ಮಾತು ಜಗಳವಾಡಿ ಹೋಗುತ್ತಾನೆ. ಅವನಿಗೆ ಒಬ್ಬಳೇ ಮಗಳು. ಚನ್ನಗಿರಿಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ.

ಅವಳು ಒಂದು ಸಲ ರಜೆಗೆ ಬಂದವಳು ಬ್ಯಾಗಿನಿಂದ ಒಂದು ಹಸಿರು ಬಟ್ಟೆ ತೆಗೆದು ತೋರಿಸಿದಳು. ಎರಡು ತುದಿಗೂ ಹಗ್ಗ. ಎರಡು ಮರದ ನಡುವೆ ಕಟ್ಟಿ ಮಲಗುವುದಂತೆ. ಗೆಳತಿಯರ ಜೊತೆ ಸೂಳೆಕೆರೆಯ ಹತ್ತಿರ ಕಟ್ಟಿಕೊಂಡು ಮಲಗಿದ್ದಳಂತೆ. ಅವಳು ಅದಕ್ಕೆ ಹ್ಯಾಮಕ್ ಎನ್ನುತ್ತಾಳೆ. ಇದು ಜೋಲಿ ಅಲ್ಲವೇನೇ ಎಂದೆ. ಕೂಸಿನ ಜೋಲಿಗೂ ಇದಕ್ಕೂ ವ್ಯತ್ಯಾಸ ಎಂದರೆ, ಇದರಲ್ಲಿ ಮಲಗಿದವರು ತಾವೇ ಎದ್ದು ಬಂದು ಒಲೆ ಮುಂದೆ ಕುಳಿತು ಚಹಾ ಕೇಳುತ್ತಾರೆ.

ಅದರ ಹಿಂದೆ ಇನ್ನೊಂದು ವಿಷಯವಿತ್ತು. ಕಾಲೇಜಿನವರು ಮಳೆಗಾಲದಲ್ಲಿ ಮಕ್ಕಳನ್ನು ಘಟ್ಟದ ಕಡೆ ಐದು ದಿನ ನಡೆಸಿಕೊಂಡು ಹೋಗುತ್ತಾರೆ. ಕಾಡಿನಲ್ಲಿ ಹೀಗೆ ಜೋಲಿ ಕಟ್ಟಿ ಮಲಗಬೇಕು. ಹಿಂದಿನ ವರ್ಷ ಹೊರಡುವ ಎರಡು ದಿನ ಮುಂಚೆ ಇವಳಿಗೆ ಜ್ವರ ಬಂದು ತಪ್ಪಿಹೋಯಿತು. ಈ ವರ್ಷ ಅವಳದ್ದು ಕೊನೆಯ ವರ್ಷ. ಅಪ್ಪನ ರುಜು ಇರುವ ಕಾಗದ ಸೋಮವಾರದೊಳಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಾರೆ. ಕಾಗದವನ್ನು ಅಪ್ಪನ ಕೈಗೆ ಕೊಟ್ಟು ಒಂದು ವಾರವಾಗಿತ್ತು. ಅವನು ಅದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಾಕಿ ಕುಳಿತಿದ್ದ.

ಶನಿವಾರ ಬೆಳಗ್ಗೆ ಅವನು ಮಗಳನ್ನು ನಮ್ಮ ಮನೆಗೆ ಬಿಡಲು ಬಂದ. ಜೊತೆಗೆ ಅವನ ಅತ್ತೆಯೂ ಬಂದಿದ್ದಳು, ಅಂದರೆ ನನ್ನ ಬೀಗಿತಿ. ಅವಳ ಊರು ಜಗಳೂರು ತಾಲ್ಲೂಕು. ಹದಿನೈದು ದಿನ ಮಗಳ ಮನೆಯಲ್ಲಿ ಇರಲು ಹೊನ್ನಾಳಿಗೆ ಬಂದವಳು, ಮೊಮ್ಮಗಳ ಬೆನ್ನು ಹತ್ತಿ ಇಲ್ಲಿಗೂ ಬಂದಳು. ಎದುರಿಗೆ ನಾನು ಅವಳಿಗೆ ರೀ ಹಚ್ಚಿಯೇ ಮಾತಾಡುವುದು. ಅಕ್ಕ ಎನ್ನುತ್ತೇನೆ. ಅವಳೂ ನನಗೆ ಅಕ್ಕ ಎನ್ನುತ್ತಾಳೆ. ಯಾರು ದೊಡ್ಡವರು ಎನ್ನುವುದನ್ನು ಇಬ್ಬರೂ ಒಪ್ಪಿಲ್ಲ. ಬರೆಯುವಾಗ ಮಾತ್ರ ಅವಳು ಎಂದೇ ಬರೆಯುತ್ತೇನೆ.

ಬಂದವರಿಗೆ ಅವಲಕ್ಕಿ ಕೊಟ್ಟೆ. ತಿನ್ನುತ್ತಲೇ ಅಪ್ಪ ಮಗಳ ವಾದ ಶುರುವಾಯಿತು.

“ಮಳೆಗಾಲದಾಗೆ ಕಾಡಿನಾಗೆ ಮಲಗಾಕೆ ನಿನಗೇನು ಮನೆ ಇಲ್ವಾ?”

“ಇದೊಂದೇ ಸಲ ಅಪ್ಪ. ಮುಂದಿನ ವರ್ಷ ಕೇಳ್ತೀನಿ ಅಂದ್ರೂ ಕಾಲೇಜು ಇರಲ್ಲ.”

“ನೆಂದು ಮಲಗಿದ್ರೆ ಅಲ್ಲಿಂದ ಹೊತ್ಕೊಂಡು ಬರೋರು ಯಾರು? ನಿಮ್ಮ ಮೇಷ್ಟ್ರಾ?”

“ನಾ ನೆನೆಯಲ್ಲ. ನನಗೆ ಕಟ್ಟಾಕೆ ಬರ್ತೈತೆ.”

“ಬರ್ತೈತಾ?” ಅವನು ತಟ್ಟೆ ಕೆಳಗಿಟ್ಟ. “ಹಂಗಾದ್ರೆ ಇವತ್ತು ನಮ್ಮ ಹೊಲದಾಗೆ ಮಲಗು. ಮಳೆ ಹೆಂಗೂ ಬರ್ತೈತೆ. ನಾಳೆ ಬೆಳಗ್ಗೆ ಬಂದು ಮುಟ್ಟಿ ನೋಡ್ತೀನಿ. ಒಣಗಿದ್ರೆ ಅವತ್ತೇ ರುಜು. ಒದ್ದೆ ಆಗಿದ್ರೆ ಈ ಮಾತು ಇಲ್ಲಿಗೇ ಮುಗೀತು, ಅಳಬಾರ್ದು.”

“ಆತು.”

“ಒಬ್ಬಳೇ ಬೇಡ. ಅಜ್ಜಿನ ಕರ್ಕೊಂಡು ಹೋಗು.”

ನಮ್ಮ ಮನೆಯಲ್ಲಿ ಅಜ್ಜಿ ಎಂದರೆ ನಾನು. ಮಗನೂ ನನ್ನನ್ನೇ ನೋಡಿ ಹೇಳಿದ್ದು. ನಾನು ಆಗಲೇ ಯಾವ ಸೀರೆ ಉಟ್ಟುಕೊಳ್ಳಲಿ, ಕಾಲಿಗೆ ಏನು ಸುತ್ತಿಕೊಳ್ಳಲಿ ಎಂದು ಯೋಚನೆ ಮಾಡುತ್ತಿದ್ದೆ. ಹುಡುಗಿ ಕುಳಿತಲ್ಲೇ ಆ ಕಡೆ ತಿರುಗಿದಳು.

“ಜಗಳೂರಜ್ಜಿ, ನೀ ಬರ್ತೀಯಾ?”

“ಅಯ್ಯ, ಕರದ್ರೆ ಬರ್ತೀನಿ ನನ್ನವ್ವ. ನನ್ನ ತೂಗೋರಿಲ್ದೆ ಅರವತ್ತು ವರ್ಷ ಆತು!”

ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ. ಒಂದು ತಟ್ಟೆಯಲ್ಲಿ ಇನ್ನೂ ಅವಲಕ್ಕಿ ಇತ್ತು. ಅದು ಬೀಗಿತಿಯ ತಟ್ಟೆ.

ಇದು ಆ ದಿನ ಹುಟ್ಟಿದ ಕಿಚ್ಚಲ್ಲ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ತೊಟ್ಟಿಲೂ ತವರಿನಿಂದಲೇ ಬರಬೇಕು. ಅದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಹಾಗಾಗಿ ಈ ಹುಡುಗಿಯನ್ನು ಮೊದಲು ಎತ್ತಿಕೊಂಡವಳು, ಮೊದಲು ಎರೆದವಳು, ಮೊದಲು ಜೋಲಿ ಕಟ್ಟಿ ತೂಗಿದವಳು ಎಲ್ಲ ಅವಳೇ. ಐದು ತಿಂಗಳಿಗೆ ಕೂಸು ನಮ್ಮ ಮನೆಗೆ ಬಂತು. ಜೊತೆಗೆ ಒಂದು ಕಂಬಳಿ ತುಂಡೂ ಬಂತು, ಅವರೂರಿನ ಕುರಿಯ ಉಣ್ಣೆಯದು. ಅದು ಕೆನ್ನೆಗೆ ತಾಗದಿದ್ದರೆ ಕೂಸು ಮಲಗುತ್ತಿರಲಿಲ್ಲ. ನಾನು ಆ ತುಂಡನ್ನು ಸೋಪು ಹಾಕಿ ಎರಡು ಸಲ ಒಗೆದೆ. ಕೊಳೆಯಾಗಿತ್ತು ಎಂದು ಸೊಸೆಗೆ ಹೇಳಿದೆ. ಕೊಳೆ ಏನೂ ಇರಲಿಲ್ಲ, ಆ ಮನೆಯ ವಾಸನೆ ಹೋಗಲಿ ಎಂದು ಒಗೆದದ್ದು. ಕೂಸು ಮೂರು ದಿನ ಅತ್ತಿತು.

ದೊಡ್ಡವಳಾದ ಮೇಲೂ ಹಾಗೆಯೇ. ನನಗೆ ನೀವು ಎನ್ನುತ್ತಾಳೆ, ಬೀಗಿತಿಗೆ ನೀನು. ನಾನು ಮಾಡಿದ ನಿಪ್ಪಟ್ಟನ್ನು ಹಾಸ್ಟೆಲಿನಲ್ಲಿ ಹಂಚುತ್ತಾಳೆ. ಅವಳು ಕುಟ್ಟಿ ಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತಾಳಂತೆ. ಇದನ್ನು ನನಗೆ ಹೇಳಿದವಳು ಬೀಗಿತಿಯೇ, ನಗುತ್ತಾ. ಮರ್ಯಾದೆ ಕೊಟ್ಟು ದೂರ ಇಡುವುದು ಹೇಗೆಂದು ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ, ತಾನೇ ಕಲಿತಿದ್ದಳು. ನಾನು ಬೈಯುತ್ತೇನೆ ಎನ್ನುವುದು ನಿಜ. ಬೈಯುವವಳು ಮನೆಯಲ್ಲಿ ಒಬ್ಬಳಾದರೂ ಬೇಕಲ್ಲ. ಜಗಳೂರಿನವಳು ವರ್ಷಕ್ಕೆ ಎರಡು ಸಲ ಬಂದು ಮುದ್ದು ಮಾಡಿ ಹೋಗುತ್ತಾಳೆ. ಹಾಗೆ ನಾನೂ ಮಾಡಬಲ್ಲೆ.

ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಗಂಟು ಹೊತ್ತುಕೊಂಡು ಹೊಲಕ್ಕೆ ಹೋದರು. ಬದುವಿನ ಮೇಲೆ ಎರಡು ಹೊಂಗೆ ಮರ ಇವೆ, ಹತ್ತು ಹೆಜ್ಜೆ ಅಂತರ. ಹುಡುಗಿ ತನ್ನ ಜೋಲಿಯ ಜೊತೆ ನಲ್ಲೂರಿನ ಗೆಳತಿಯದು ಒಂದನ್ನು ಕೇಳಿ ತಂದಿದ್ದಳು. ಅವರು ಹೋಗಿ ಒಂದು ತಾಸಾಗುವವರೆಗೆ ತಡೆದೆ. ಆಮೇಲೆ ಕುಡುಗೋಲು ತೆಗೆದುಕೊಂಡು ಹುಲ್ಲಿಗೆ ಹೊರಟೆ. ಕೊಟ್ಟಿಗೆಯಲ್ಲಿ ಹುಲ್ಲು ಬೇಕಾದಷ್ಟಿತ್ತು.

ದೂರದಿಂದಲೇ ಕಂಡಿತು. ಒಂದು ಜೋಲಿ ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ, ಎರಡರ ಮೇಲೂ ಒಂದೇ ನೀಲಿ ತಾಡಪಾಲು. ತಾಡಪಾಲನ್ನು ನಾಲ್ಕು ಮೂಲೆಗೂ ಸಮನಾಗಿ ಎಳೆದು, ಹಾಸಿಗೆ ಹಾಸಿದ ಹಾಗೆ ಚಪ್ಪಟೆಯಾಗಿ ಕಟ್ಟಿದ್ದರು. ಕಟ್ಟಿದವರು ಯಾರು ಎಂದು ಕೇಳುವುದೇ ಬೇಕಾಗಿರಲಿಲ್ಲ. ಜಗಳೂರು ಕಡೆ ಹಳೆಯ ಮನೆಗಳೆಲ್ಲ ಮಣ್ಣಿನ ಚಪ್ಪಟೆ ಮಾಳಿಗೆ. ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ, ಮಲಗುತ್ತಾರೆ, ಹರಟೆ ಹೊಡೆಯುತ್ತಾರೆ. ನಮ್ಮ ಕಡೆ ಇಳಿಜಾರು ಇಲ್ಲದ ಮಾಡು ಕಟ್ಟಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ನನಗೆ ಬಹಳ ಸಂತೋಷವಾಯಿತು.

“ಏನಕ್ಕಾ, ಇಲ್ಲೂ ಬಂದು ಮಾಳಿಗೆ ಮನೆ ಕಟ್ಟೀರಲ್ಲ! ಒಂದು ತಾಸು ಮಳೆ ಹೊಡದ್ರೆ ನಡುವೆ ಕೆರೆ ಆಗ್ತೈತೆ. ಎಮ್ಮೆ ಹೊಡ್ಕೊಂಡು ಬರ್ಲಾ, ಮೈ ತೊಳಿಯಾಕೆ?”

ಅವಳಿಗೆ ನಾಚಿಕೆಯಾಗಬೇಕಿತ್ತು. ಅದಕ್ಕೆಂದೇ ಹೇಳಿದ್ದು. ಅವಳು ತಲೆ ಎತ್ತಿ ನೋಡಿ, ಕೈ ತಟ್ಟಿ ನಕ್ಕಳು.

“ಅಯ್ಯ ಹೌದಲ್ರಿ ಅಕ್ಕಾ! ನಮ್ಮ ಕಡೆ ಮಳೆ ಬಂತು ಅಂದ್ರೆ ಕೊಡ ಹಿಡ್ಕೊಂಡು ಹೊರಗೆ ಓಡ್ತೀವಿ. ತಪ್ಪಿಸ್ಕೊಳ್ಳೋದು ಹೆಂಗೆ ಅಂತ ಎಲ್ಲಿ ಕಲ್ತೀವಿ? ನೋಡವ್ವ, ನಿಮ್ಮಜ್ಜಿ ಬಂದಿದ್ದು ಚಲೋ ಆತು. ಇಲ್ದಿದ್ರೆ ನಾನು ನಿನ್ನ ಮುಳುಗಿಸ್ತಿದ್ದೆ.”

ಇಬ್ಬರೂ ತಾಡಪಾಲು ಬಿಚ್ಚಿದರು. ಮರದಿಂದ ಮರಕ್ಕೆ ಒಂದು ಹಗ್ಗ ಎಳೆದು, ಅದರ ಮೇಲೆ ತಾಡಪಾಲು ಹಾಕಿ, ಎರಡೂ ಬದಿಯನ್ನು ನಮ್ಮ ಹಂಚಿನ ಮನೆಯ ಹಾಗೆ ಇಳಿಬಿಟ್ಟು ಗೂಟಕ್ಕೆ ಕಟ್ಟಿದರು. ಬೀಗಿತಿ ಪ್ರತಿ ಗಂಟಿಗೂ “ಹಿಂಗಾ ಅಕ್ಕಾ? ಸರಿ ಐತಾ?” ಎಂದು ಕೇಳುತ್ತಿದ್ದಳು. ಅವಳು ಬಯ್ಯಿಸಿಕೊಂಡು ನಗುವವಳು. ಅಂಥವರ ಮೇಲೆ ಎಷ್ಟು ಕಲ್ಲು ಎಸೆದರೂ ತಾಗುವುದಿಲ್ಲ, ಕೈ ನೋಯುವುದು ನಮ್ಮದೇ.

ಆಗ ನಾನು ಹಗ್ಗಗಳನ್ನು ನೋಡಿದೆ.

ಹೊಲದಲ್ಲಿ ಕೂಸಿನ ಜೋಲಿ ಕಟ್ಟಿ ಕಳೆ ತೆಗೆದವರಿಗೆ ಇದನ್ನು ಯಾರೂ ಹೇಳಬೇಕಾಗಿಲ್ಲ. ಮಳೆ ಬರೀ ಮೇಲಿಂದ ಬರುವುದಿಲ್ಲ. ಮರದ ಕೊಂಬೆಗೆ ಬಿದ್ದ ನೀರು ಬೊಡ್ಡೆಯ ಮೇಲೆ ಇಳಿಯುತ್ತದೆ. ಬೊಡ್ಡೆಗೆ ಕಟ್ಟಿದ ಹಗ್ಗ ಸಿಕ್ಕರೆ ಹಗ್ಗ ಹಿಡಿದು ಬರುತ್ತದೆ. ಜೋಲಿಯ ಹಗ್ಗ ಯಾವಾಗಲೂ ಜೋಲಿಯ ಕಡೆಗೇ ಇಳಿಜಾರು. ಮೇಲೆ ತಾಡಪಾಲಲ್ಲ, ತಾರಸಿ ಹಾಕಿದರೂ ಆ ನೀರು ನಿಲ್ಲುವುದಿಲ್ಲ. ಸೀದಾ ಬಂದು ಬೆನ್ನಿನ ಕೆಳಗೆ ಸೇರುತ್ತದೆ. ಅದಕ್ಕೆ ಮಾಡಬೇಕಾದದ್ದು ಇಷ್ಟೇ: ಜೋಲಿಯ ಬಟ್ಟೆ ಶುರುವಾಗುವುದಕ್ಕಿಂತ ಸ್ವಲ್ಪ ಹಿಂದೆ, ತಾಡಪಾಲಿನ ಒಳಗೆ, ಹಗ್ಗಕ್ಕೆ ಒಂದು ಚಿಂದಿ ಬಿಗಿಯಾಗಿ ಕಟ್ಟಿ ತುದಿಯನ್ನು ಇಳಿಬಿಡುವುದು. ಹಗ್ಗದ ಮೇಲೆ ಬಂದ ನೀರು ಚಿಂದಿ ಹಿಡಿದು ನೆಲಕ್ಕೆ ತೊಟ್ಟಿಕ್ಕುತ್ತದೆ. ಜೋಲಿಗೆ ಒಂದು ಹನಿ ಹೋಗುವುದಿಲ್ಲ. ಎರಡು ಜೋಲಿಗೆ ನಾಲ್ಕು ಚಿಂದಿ. ನಾನು ಬಿಸಿಲಿಗೆಂದು ತಲೆಗೆ ಸುತ್ತಿದ್ದ ಹಳೆಯ ವಸ್ತ್ರದಲ್ಲೇ ನಾಲ್ಕು ಆಗುತ್ತಿತ್ತು.

ಹುಡುಗಿ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದಳು.

“ಅಜ್ಜಿ, ಈಗ ಸರಿ ಐತಾ? ಇನ್ನೇನಾದ್ರೂ ಬಿಟ್ಟೀವಾ? ಒಂದ್ಸಲ ಸರಿಯಾಗಿ ನೋಡ್ರಿ.”

“ನನ್ನ ಯಾಕೆ ಕೇಳ್ತೀಯವ್ವ? ನಿನ್ನ ಜೊತೆ ಮಲಗೋರ್ನ ಕೇಳು.”

“ಹಂಗಂದ್ರೆ ಹೆಂಗೆ ಅಕ್ಕಾ?” ಎಂದಳು ಬೀಗಿತಿ. “ನೀರಿನ ವಿಷಯ ನಿಮಗೆ ಗೊತ್ತಿದ್ದಷ್ಟು ನನಗೇನು ಗೊತ್ತು? ಹಿಂಗ್ ಮಾಡ್ರಿ. ನೀವೇ ಇವತ್ತು ಇವಳ ಜೊತೆ ಇಲ್ಲಿ ಮಲಗ್ರಿ, ನಾ ಮನೆಗೆ ಹೋಗ್ತೀನಿ.”

ಅವಳಿಗೆ ಸಿಕ್ಕಿದ್ದನ್ನು ಅವಳು ನನಗೆ ಕೊಡುವುದು. ನಾನು ಅದನ್ನು ಕೈಯೊಡ್ಡಿ ತೆಗೆದುಕೊಳ್ಳುವುದು. ಹುಡುಗಿ ಏನಾದರೂ ಹೇಳುತ್ತಾಳಾ ಎಂದು ಅವಳ ಮುಖ ನೋಡಿದೆ. ಬರ್ರಿ ಅಜ್ಜಿ ಎಂದಿದ್ದರೆ ಸಾಕಿತ್ತು. ಅವಳು ಇಬ್ಬರನ್ನೂ ಒಂದೊಂದು ಸಲ ನೋಡಿ, ಗೂಟದ ಹಗ್ಗ ಬಿಗಿಮಾಡಲು ಬಗ್ಗಿದಳು.

“ನನ್ನ ಭಾರಕ್ಕೆ ಮರ ಕಿತ್ಕೊಂಡು ಬರ್ತೈತೆ ಬಿಡ್ರಿ,” ಎಂದೆ.

ಅದಕ್ಕೆ ಮಾತ್ರ ಹುಡುಗಿ ನಕ್ಕಳು. ನಾನು ಒಂದು ಹೊರೆ ಬೇಡದ ಹುಲ್ಲು ಕೊಯ್ದುಕೊಂಡು ಮನೆಗೆ ಬಂದೆ.

ದೀಪ ಹಚ್ಚುವ ಹೊತ್ತಿಗೆ ಮಳೆ ಶುರುವಾಯಿತು. ಯಜಮಾನರು ಪಡಸಾಲೆಯಲ್ಲಿ ಕುಳಿತು ಹಂಚಿನ ಮೇಲಿನ ಸದ್ದು ಕೇಳುತ್ತಿದ್ದರು.

“ಹಗ್ಗಕ್ಕೆ ಚಿಂದಿ ಕಟ್ಟ್ಯಾರಾ ಅವರು?”

“ನನಗೇನು ಗೊತ್ತು?”

“ನೀ ಹೋಗಿದ್ದೆಯಲ್ಲ.”

“ಹುಲ್ಲಿಗೆ ಹೋಗಿದ್ದೆ.”

ಅವರು ನನ್ನ ಮುಖ ನೋಡಿದರು. ಅವರಿಗೆ ಕತ್ತಲಾದರೆ ದಾರಿ ಕಾಣುವುದಿಲ್ಲ, ಇಲ್ಲದಿದ್ದರೆ ತಾವೇ ಕೊಡೆ ಹಿಡಿದು ಹೋಗುತ್ತಿದ್ದರು. ಫೋನು ಹಚ್ಚಲೂ ಅವರಿಗೆ ಬರುವುದಿಲ್ಲ, ನನಗೆ ಬರುತ್ತದೆ. ಹುಡುಗಿಗೆ ಒಂದು ಫೋನು ಹಚ್ಚಿ ಹೇಳು ಎಂದರು. ನಾನು ಫೋನು ಕೈಗೆ ತೆಗೆದುಕೊಂಡು, ಗುಂಡಿ ಒತ್ತಿದ ಹಾಗೆ ಮಾಡಿ, ಕಿವಿಗೆ ಇಟ್ಟುಕೊಂಡು, ರೇಂಜ್ ಇಲ್ಲ ಎಂದೆ.

ರೇಂಜ್ ಇತ್ತು.

ಆಮೇಲೆ ಮುದ್ದೆ ತಿರುವಿದೆ, ಇಬ್ಬರೂ ಉಂಡೆವು, ಮಲಗಿದೆವು. ನಿದ್ದೆ ಬರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ನಿದ್ದೆ ಬಂತು. ಗಟ್ಟಿ ನಿದ್ದೆಯೇ ಬಂತು.

ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಬಂದರು. ಹುಡುಗಿಯ ಮೈಯ ಮುಂಭಾಗ ಎಲ್ಲ ಒಣಗಿತ್ತು, ಬೆನ್ನು, ಸೊಂಟ, ಜಡೆಯ ತುದಿ ಎಲ್ಲ ತೊಪ್ಪೆ. ಬೀಗಿತಿಯದೂ ಹಾಗೆಯೇ. ಹೊದೆಯಲು ಒಯ್ದಿದ್ದ ಕಂಬಳಿಯನ್ನು ಇಬ್ಬರೂ ಎರಡು ತುದಿ ಹಿಡಿದು ತಂದರು. ಒಬ್ಬರಿಗೆ ಹೊರಲು ಆಗುತ್ತಿರಲಿಲ್ಲ, ಅಷ್ಟು ನೀರು ಕುಡಿದಿತ್ತು.

“ಮೇಲಿಂದ ಒಂದು ಹನಿ ಬಿದ್ದಿಲ್ಲ ಅಜ್ಜಿ,” ಎಂದಳು ಹುಡುಗಿ. ಹಲ್ಲು ಕಟಕಟ ಎನ್ನುತ್ತಿತ್ತು. “ತಾಡಪಾಲು ಒಂಚೂರೂ ಸೋರಿಲ್ಲ. ಆದ್ರೂ ಕೆಳಗೆಲ್ಲ ನೀರು. ಎಲ್ಲಿಂದ ಬಂತು ಅಂತ ಟಾರ್ಚ್ ಹಾಕಿ ಹುಡುಕಿದೆ. ಗೊತ್ತೇ ಆಗ್ಲಿಲ್ಲ.”

ನಾನು ಒಲೆಗೆ ಇನ್ನೆರಡು ಸೌದೆ ಹಾಕಿದೆ.

ಮಗ ಏಳು ಗಂಟೆಗೆ ಬಂದ. ಬೈಕು ನಿಲ್ಲಿಸಿ ಸೀದಾ ಮಗಳ ಹತ್ತಿರ ಹೋಗಿ ಬೆನ್ನಿಗೆ ಕೈ ಇಟ್ಟ. ಕಂಬಳಿಯ ಒಂದು ಮೂಲೆ ಹಿಂಡಿದ. ನೀರು ಅವನ ಕಾಲ ಮೇಲೆ ಸುರಿಯಿತು.

“ಇದು ಒಣಗಿದ್ದಾ?”

ಹುಡುಗಿ ಜಡೆಯ ತುದಿ ಹಿಂಡಿಕೊಂಡಳು.

“ನಾನೇನು ಅಂದಿದ್ದೆ?”

“ಒದ್ದೆ ಆದ್ರೆ ಮಾತು ಮುಗೀತು ಅಂದಿದ್ರಿ.”

“ಮತ್ತೆ?”

“ಮುಗೀತು,” ಎಂದಳು. ಅಳಲಿಲ್ಲ. ಅಪ್ಪ ಅಳಬಾರದು ಎಂದಿದ್ದನಲ್ಲ, ಅದಕ್ಕೇ ತುಟಿ ಕಚ್ಚಿ ಹಿಡಿದುಕೊಂಡಳು.

ಆಗ ಬೀಗಿತಿ ಎದ್ದು ನಿಂತಳು. ಬೆನ್ನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಕೂಸಿಂದು ಏನೂ ತಪ್ಪಿಲ್ಲಪ್ಪ. ಎಲ್ಲ ನಂದು. ಮೊದ್ಲು ತಾಡಪಾಲು ತಪ್ಪು ಕಟ್ಟಿದ್ದು ನಾನು, ಆಮೇಲೆ ಹೊರಳಾಡಿ ಎಲ್ಲ ಸಡ್ಲ ಮಾಡಿದ್ದೂ ನಾನೇ ಇರ್ಬೇಕು. ಮಳೆ ಕಾಣದ ಊರಿನೋಳು ನಾನು, ಇವಳ ಜೊತೆ ಹೋಗ್ಲೇಬಾರ್ದಿತ್ತು. ನಾ ಹೋಗಿದ್ದಕ್ಕೇ ಹಿಂಗಾತು. ನನ್ನ ಬೈಯಪ್ಪ, ಅವಳಿಗೆ ರುಜು ಹಾಕ್ಕೊಡು.”

ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು. ಹುಡುಗಿ ಓಡಿಹೋಗಿ ಅವಳನ್ನು ತಬ್ಬಿಕೊಂಡಳು. “ನಿಂದೇನೂ ಇಲ್ಲ ಬಿಡಜ್ಜಿ, ನೀ ಸುಮ್ನಿರು,” ಎಂದು ಬೆನ್ನು ಸವರಿದಳು. ಒದ್ದೆಯಾದ ಇಬ್ಬರೂ ನಡುಮನೆಯಲ್ಲಿ ಹಾಗೆ ನಿಂತರು. ಮಗ ಮಾತ್ರ ಕರಗಲಿಲ್ಲ. ಕೊಟ್ಟ ಮಾತು ಮಾತೇ ಎಂದು ಬೈಕು ಹತ್ತಿ ಹೋದ.

ಆ ಹುಡುಗಿ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳು, ಹೋಗಲಿ. ಜೊತೆಗೆ ಮಲಗಿದವಳು ಅವಳು, ಹೋಗಲಿ. ಈಗ ತಪ್ಪನ್ನೂ ಅವಳೇ ತೆಗೆದುಕೊಂಡಳು. ಅದು ನನ್ನದು. ಪೂರ್ತಿ ನನ್ನದೇ. ಅದನ್ನು ನನ್ನ ಕಣ್ಣ ಮುಂದೆ ಎತ್ತಿಕೊಂಡು, ಅದಕ್ಕೂ ಹುಡುಗಿಯ ಕೈಯಲ್ಲಿ ಬೆನ್ನು ಸವರಿಸಿಕೊಂಡಳು. ನಾನು ತಪ್ಪು ಮಾಡಿದವಳು ಒಲೆ ಹತ್ತಿರ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದೆ, ನನ್ನ ಕಡೆ ಒಬ್ಬರೂ ನೋಡಲಿಲ್ಲ.

ಆ ಭಾನುವಾರ ಪೂರ್ತಿ ಹಾಗೆಯೇ ಹೋಯಿತು. ಬೀಗಿತಿ, ಮೊಮ್ಮಗಳು ಒಲೆಯ ಮುಂದೆ ಕುಳಿತು ಬಟ್ಟೆ ಒಣಗಿಸಿದರು. ನಾನು ಉಪ್ಪಿಟ್ಟು ಮಾಡಿದೆ, ಹುಡುಗಿ ಬೇಡ ಎಂದಳು. ಮಧ್ಯಾಹ್ನ ಹುಡುಗಿಗೆ ಇಷ್ಟ ಎಂದು ಕಾಳುಸಾರು ಮಾಡಿದೆ, ಹಸಿವಿಲ್ಲ ಎಂದಳು. ಒಂದು ಸಲ ಗೆಳತಿಯ ಫೋನು ಬಂತು. “ನಂದು ಇಲ್ಲ ಕಣೇ, ನೀವು ಹೋಗಿ ಬರ್ರಿ,” ಎಂದಳು. “ಫೋಟೋ ಕಳಿಸ್ಬೇಡ್ರಿ.”

ಕಂಬಳಿ ಹರವಲು ಹಿತ್ತಿಲಿಗೆ ಹೋದಾಗ ಯಜಮಾನರು ಹಿಂದೆಯೇ ಬಂದರು.

“ರೇಂಜ್ ಇತ್ತಲ್ಲ ನಿನ್ನೆ?”

ನಾನು ಕಂಬಳಿ ಕೊಡವಿದೆ.

“ನಮ್ಮವ್ವನೂ ಹಿಂಗೇ ಮಾಡಿದ್ಲು ನಿನಗೆ,” ಎಂದು ಹೇಳಿ ಒಳಗೆ ಹೋದರು.

ಅದು ನಿಜ. ನನ್ನ ಮೊದಲ ಕೂಸು, ಈ ಅಂಗಡಿಯ ಮಗನೇ, ಏಳು ತಿಂಗಳಿನವನಿದ್ದಾಗ ಹೊಲದ ಜಾಲಿ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಮೇಲೆ ಗೋಣಿತಾಟು ಹೊದಿಸಿ ಕಳೆಗೆ ಇಳಿದಿದ್ದೆ. ಮಳೆ ಬಂತು. ಗೋಣಿತಾಟು ಇದೆಯಲ್ಲ ಎಂದು ನಾನು ಸಾಲು ಮುಗಿಸಿಯೇ ಬಂದೆ. ನೋಡಿದರೆ ಕೂಸು ನೀರಿನಲ್ಲಿ ಮಲಗಿತ್ತು. ಎಂಟು ದಿನ ಜ್ವರ. ಆಮೇಲೆ ಅತ್ತೆ ಹಗ್ಗಕ್ಕೆ ಚಿಂದಿ ಕಟ್ಟುವುದನ್ನು ತೋರಿಸಿದಳು. ಜೋಲಿ ಕಟ್ಟುವಾಗ ಪಕ್ಕದಲ್ಲೇ ನಿಂತಿದ್ರಲ್ಲ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀ ಕೇಳಿದ್ಯಾ?” ಎಂದಳು.

ನಾನು ಕೇಳಿರಲಿಲ್ಲ. ನನ್ನ ಮೊಮ್ಮಗಳು ಕೇಳಿದ್ದಳು. ನನ್ನ ಅತ್ತೆಗಿದ್ದ ಆ ಒಂದು ಮಾತೂ ನನಗಿರಲಿಲ್ಲ.

ಮಾರನೇ ದಿನ ಸೋಮವಾರ, ಬೆಳಗ್ಗೆ, ಯಾರೂ ಏಳುವ ಮುಂಚೆ ಸೂರಗೊಂಡನಕೊಪ್ಪದ ಕಡೆಯಿಂದ ಬರುವ ಮೊದಲ ಬಸ್ಸು ಹತ್ತಿದೆ. ನ್ಯಾಮತಿಯಲ್ಲಿ ಇಳಿದು ಇನ್ನೊಂದು ಬಸ್ಸು. ಹೊನ್ನಾಳಿಯಲ್ಲಿ ಮಗ ಆಗ ತಾನೇ ಅಂಗಡಿಯ ಬಾಗಿಲು ಎತ್ತಿ ಊದಿನಕಡ್ಡಿ ಬೆಳಗುತ್ತಿದ್ದ. ಪೈಪು ಕೊಳ್ಳಲು ಬಂದ ಒಬ್ಬ ರೈತ ಮೆಟ್ಟಿಲ ಮೇಲೆ ಕುಳಿತಿದ್ದ.

“ಏನವ್ವ ಇಷ್ಟೊತ್ತಿಗೆ? ಅಪ್ಪ ಹುಷಾರಿದಾರಾ?”

“ಹುಷಾರಿದಾರೆ. ಕಾಗದ ತೆಗಿ, ರುಜು ಮಾಡು.”

“ಮತ್ತೆ ಅದೇ ಮಾತಾ? ಒದ್ದೆ ಆತಲ್ಲ ಅವಳು.”

“ಹಗ್ಗದ ಮೇಲಿಂದ ನೀರು ಬಂದು ಒದ್ದೆ ಆತು. ಹಗ್ಗಕ್ಕೆ ಚಿಂದಿ ಕಟ್ಟಿದ್ರೆ ಆಗ್ತಿರ್ಲಿಲ್ಲ. ನನಗೆ ಗೊತ್ತಿತ್ತು. ಅವಳು ಬಂದು ಬಾಯಿಬಿಟ್ಟು ಕೇಳಿದ್ಲು. ನಾ ಹೇಳ್ಲಿಲ್ಲ.”

ಅವನು ನಂಬಲಿಲ್ಲ. ಬೀಗಿತಿಯನ್ನೂ ಹುಡುಗಿಯನ್ನೂ ಉಳಿಸಲು ನಾನು ಕಥೆ ಕಟ್ಟಿಕೊಂಡು ಬಂದಿದ್ದೇನೆ ಎಂದುಕೊಂಡ. ಇಷ್ಟು ವರ್ಷವಾದರೂ ಮಗನಿಗೆ ತಾಯಿ ಗೊತ್ತಿಲ್ಲ. “ಒಂದು ಚಿಂದಿಗೆ ನೀರು ನಿಲ್ತೈತಾ, ಸುಮ್ನಿರವ್ವ,” ಎಂದ.

ಅವನ ಅಂಗಡಿಯದೇ ಹಗ್ಗದ ಸುರುಳಿಯಿಂದ ಎರಡು ಮಾರು ಎಳೆದೆ. ಒಂದು ತುದಿಯನ್ನು ಬಾಗಿಲ ಚೌಕಟ್ಟಿನ ಕೊಂಡಿಗೆ ಕಟ್ಟಿದೆ, ಇನ್ನೊಂದು ತುದಿಯನ್ನು ರೈತನ ಕೈಗೆ ಕೊಟ್ಟು ಕೆಳಗೆ ಹಿಡಿದುಕೋ ಎಂದೆ. ಕುಡಿಯುವ ನೀರಿನ ಚೊಂಬು ತೆಗೆದುಕೊಂಡು ಮೇಲಿನ ತುದಿಗೆ ಸಣ್ಣಗೆ ಸುರಿದೆ. ನೀರು ಹಗ್ಗ ಹಿಡಿದುಕೊಂಡು ಕೆಳಗೆ ಹರಿದು ಹೋಗಿ ರೈತನ ಮೊಣಕೈಯಿಂದ ಇಳಿಯಿತು. ಮಗನ ಬೈಕು ಒರೆಸುವ ಬಟ್ಟೆಯಿಂದ ನಾನೇ ಒಂದು ಪಟ್ಟಿ ಹರಿದು ಹಗ್ಗದ ನಡುವೆ ಕಟ್ಟಿದೆ. ಮತ್ತೆ ಸುರಿದೆ. ನೀರು ಚಿಂದಿಯವರೆಗೆ ಬಂತು, ಚಿಂದಿ ಹಿಡಿದು ಮೆಟ್ಟಿಲ ಮೇಲೆ ತೊಟ್ಟಿಕ್ಕಿತು. ಅದರಾಚೆ ಹಗ್ಗಕ್ಕೆ ಹೊಸ ನೀರು ಹೋಗಲಿಲ್ಲ.

“ಅಜ್ಜಿ ಹೇಳೋದು ಸರಿ ಐತಲ್ರಿ,” ಎಂದ ರೈತ. “ನನ್ನ ಕೈ ಬಿಡಬಹುದಾ ಈಗ?”

ಮಗನ ಮುಖ ಬದಲಾಯಿತು. “ಗೊತ್ತಿದ್ದೂ ಹೇಳ್ಲಿಲ್ವಾ ನೀನು? ನಿನ್ನೆನಾದ್ರೂ ಹೇಳ್ಬೇಕಿತ್ತಲ್ಲ. ಅತ್ತೆ ಎಲ್ಲ ನಂದೇ ಅಂತ ಅಳ್ತಾ ಇದ್ರು.”

“ಅದಕ್ಕೇ ಬಂದಿದ್ದು. ತಪ್ಪು ನಂದು. ಅವಳ್ಯಾಕೆ ತಗೋಬೇಕು?”

ಸೊಸೆ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ನೆಂದದ್ದು ಅವಳ ಮಗಳು ಒಬ್ಬಳೇ ಅಲ್ಲ, ಅವಳ ತಾಯಿಯೂ. ನನ್ನನ್ನು ಒಂದು ಸಲ ನೋಡಿದಳು. ಆ ನೋಟ ನನಗೆ ಬರಬೇಕಾದದ್ದೇ. ಗಲ್ಲಾಪೆಟ್ಟಿಗೆ ತೆಗೆದು, ಕಾಗದವನ್ನೂ ಪೆನ್ನನ್ನೂ ಗಂಡನ ಮುಂದೆ ಇಟ್ಟಳು.

“ಒಣಗಿದ್ರೆ ರುಜು ಅಂದಿದ್ದೆ ನಾನು,” ಎಂದ ಅವನು, ಇನ್ನೂ.

“ಅವಳು ಏನೇನು ಮಾಡ್ಬೇಕೋ ಅಷ್ಟೂ ಮಾಡ್ಯಾಳೆ. ಗೊತ್ತಿಲ್ದಿದ್ದು ಕೇಳ್ಯಾಳೆ. ಸೋತಿದ್ದು ನಾನು. ನನ್ನ ಕಾಡಿಗೆ ಕಳಿಸ್ಬೇಡ.” ತಾಡಪಾಲಿನ ಅಟ್ಟಿಯ ಮೇಲೆ ಕುಳಿತೆ. “ನೀ ಬರೆಯೋತನಕ ನಾ ಏಳಲ್ಲ.”

ಬರೆದ. ಸೊಸೆ ಅದರ ಫೋಟೋ ತೆಗೆದು, ಈಗಲೇ ಕಾಲೇಜಿಗೆ ಕಳಿಸು ಎಂದು ಬರೆದು ಮಗಳಿಗೆ ಕಳಿಸಿದಳು. ಎರಡೇ ನಿಮಿಷಕ್ಕೆ ಫೋನು ಬಂತು. ಸೊಸೆ ಅದನ್ನು ನೇರ ನನ್ನ ಕೈಗೆ ಕೊಟ್ಟಳು.

“ಅಪ್ಪ ಹೆಂಗೆ ಒಪ್ಪಿದ್ರು ಅಜ್ಜಿ? ಏನು ಹೇಳಿದ್ರಿ?”

ಹೇಳಿದೆ.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾ ಕೇಳಿದ್ನಲ್ಲ.”

“ಕೇಳಿದ್ದೆ.”

“ಮತ್ಯಾಕೆ ಹೇಳ್ಲಿಲ್ಲ?”

“ಅವಳ್ನ ಕರ್ಕೊಂಡು ಹೋದೆಯಲ್ಲ, ಅದಕ್ಕೆ.”

ಕಟ್ ಮಾಡಿದಳೇನೋ ಎಂದು ಫೋನು ತೆಗೆದು ನೋಡಿದೆ. ಮಾಡಿರಲಿಲ್ಲ.

“ಚಿಂದಿ ಎಷ್ಟುದ್ದ ಇರ್ಬೇಕು?” ಎಂದಳು.

“ಒಂದು ಗೇಣು.”

“ಎರಡೂ ಕಡೆನಾ?”

“ಎರಡೂ ಕಡೆ. ತಾಡಪಾಲಿನ ಒಳಗೆ ಇರ್ಬೇಕು, ಹೊರಗೆ ಕಟ್ಟಿದ್ರೆ ಉಪಯೋಗ ಇಲ್ಲ. ಹತ್ತಿ ಬಟ್ಟೆದೇ ಆಗ್ಬೇಕು.”

“ಹ್ಞೂಂ,” ಎಂದಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟರಲ್ಲಿ ಅವಳ ಹಿಂದಿನಿಂದ ಬೀಗಿತಿಯ ದನಿ ಕೇಳಿಸಿತು. ನೆಗಡಿಯಾಗಿ ಮೂಗು ಕಟ್ಟಿತ್ತು, ಆದರೂ ಹುರುಪು ಹಾಗೇ ಇತ್ತು.

“ಅಕ್ಕಾ, ಎಲ್ಲಿ ಹೋದ್ರಿ ಹೇಳ್ದೆ ಕೇಳ್ದೆ? ಬೇಗ ಬರ್ರಿ. ನಿಮ್ಮ ಒಲೆ ಮೇಲೆ ರೊಟ್ಟಿ ತಟ್ತಾ ಇದೀನಿ. ಇವಳು ಆಗ್ಲೇ ಎರಡು ತಿಂದ್ಲು, ಮೂರನೇದು ಕೇಳ್ತಾ ಐತೆ ಕೂಸು!”

ಫೋನು ಸೊಸೆಯ ಕೈಗೆ ಕೊಟ್ಟೆ. ಅವಳು ಚಹಾಕ್ಕೆ ಇಟ್ಟಿದ್ದೇನೆ, ಕುಡಿದು ಹೋಗ್ರಿ ಎಂದಳು. ಬೇಡ ಎಂದೆ. ನ್ಯಾಮತಿಯ ಬಸ್ಸು ನಿಲ್ದಾಣದಲ್ಲೇ ನಿಂತಿತ್ತು. ಹತ್ತಿ, ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು, ಇನ್ನೂ ಯಾಕೆ ಬಿಟ್ಟಿಲ್ಲ ಎಂದು ಅವನನ್ನು ಎರಡು ಸಲ ಕೇಳಿದೆ.